ಏರಿಯಲ್ ವಿದ್ಯೆಗೆ ಯಾವ ಪುಸ್ತಕ?

ಕಳೆದ ದೀಪಾವಳಿಯ ಮರುದಿನ ನೆರೆಮನೆಯ ಹುಡುಗನೊಬ್ಬನು ನಮ್ಮ ಜಗುಲಿಗೆ ಬಂದು ಕುಳಿತನು. ಪಿ.ಯು.ಸಿ. ಎರಡನೆಯ ವರ್ಷದಲ್ಲಿ ವಿಜ್ಞಾನ ಓದುತ್ತಿರುವವನು, ವಿನಯವಂತ. ಸ್ವಲ್ಪ ಹೊತ್ತು ಕಾಫಿಯ ಧಾರಣೆ, ಅಡಕೆಗೆ ಬಂದ ರೋಗ ಮೊದಲಾದ ದೊಡ್ಡವರ ಮಾತುಗಳನ್ನೆಲ್ಲ ಆಡಿ, ಕೊನೆಗೆ ತಾನು ಬಂದ ಕಾರ್ಯವನ್ನು ಹೊರಗೆಡಹಿದನು.

“ಮಾವ, ನಿಮ್ಮ ಹಾಗೆ ನಾನೂ ರೇಡಿಯೋ ಲೈಸೆನ್ಸು ತೆಗೆದುಕೊಳ್ಳಬೇಕೆಂದಿದ್ದೇನೆ. ಅದರಲ್ಲಿಯೂ ಏರಿಯಲ್ಲಿನ ವಿಷಯವನ್ನು ಬುಡದಿಂದ ಕಲಿಯಬೇಕು. ಒಂದು ಒಳ್ಳೆಯ ಪುಸ್ತಕದ ಹೆಸರು ಹೇಳಿ, ತರಿಸಿಕೊಳ್ಳುತ್ತೇನೆ.”

ಎಷ್ಟು ಸಣ್ಣ ಪ್ರಶ್ನೆ! ಒಂದು ಹೆಸರನ್ನು ಹೇಳಿ ಅವನನ್ನು ಕಳುಹಿಸಿಬಿಡಬಹುದಾಗಿತ್ತು. ಆದರೆ ನನ್ನ ಬಾಯಿಂದ ಹೆಸರು ಹೊರಡಲಿಲ್ಲ. “ನಾಳೆ ಬಾ, ಹೇಳುತ್ತೇನೆ” ಎಂದೆ. ಏತಕ್ಕೆಂದರೆ ಈ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೆ ಹಲವು ವರ್ಷಗಳು ಹಿಡಿದಿದ್ದವು. ಕೆಲವು ಸಾವಿರ ರೂಪಾಯಿಗಳು ಹೋಗಿದ್ದವು. ಅದಕ್ಕಿಂತಲೂ ಹೆಚ್ಚಾಗಿ, ನನ್ನ ತಾಯಿಯವರು ಮೂರು ರಾತ್ರಿ ನಿದ್ರೆಗೆಟ್ಟು ಕುಳಿತದ್ದನ್ನು ನಾನು ನೋಡಬೇಕಾಗಿ ಬಂದಿತ್ತು. ಆ ಹುಡುಗನಿಗೆ ಮರುದಿನ ಹೇಳಿದ್ದನ್ನೇ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಓದುವ ಮಕ್ಕಳಿರುವವರಿಗೆ, ಅವರು ಓದುವ ವಿದ್ಯೆ ಯಾವುದೇ ಆಗಿರಲಿ, ಇದರಿಂದ ಸ್ವಲ್ಪ ಉಪಯೋಗವಾದೀತೆಂದು ನನ್ನ ನಂಬಿಕೆ.

ಹವ್ಯಾಸಿ ರೇಡಿಯೋ ಎಂದರೇನೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸು ಪಡೆದ ಗೃಹಸ್ಥರು ತಮ್ಮ ಮನೆಯಿಂದಲೇ, ತಮಗೆಂದು ಗೊತ್ತುಮಾಡಿರುವ ತರಂಗಗಳಲ್ಲಿ, ಲೋಕದ ಇತರ ಹವ್ಯಾಸಿಗಳೊಡನೆ ಮಾತನಾಡುವುದು. ಇಲ್ಲವೆ ಮೋರ್ಸ್ ಸಂಕೇತದಲ್ಲಿ ಕಟಕಟಿಸುವುದು. ಇದರಿಂದ ಹಣ ಸಂಪಾದಿಸುವಂತಿಲ್ಲ. ಸಾಧಾರಣ ದಿನಗಳಲ್ಲಿ ಬೇರೆಯವರ ಸಂದೇಶಗಳನ್ನು ಸಾಗಿಸುವಂತೆಯೂ ಇಲ್ಲ. ನೆರೆ, ಭೂಕಂಪ ಮೊದಲಾದ ವಿಪತ್ತುಗಳಲ್ಲಿ ಮಾತ್ರ ಅದಕ್ಕೆ ಅವಕಾಶವುಂಟು. ನಮ್ಮ ದೇಶದ ಹವ್ಯಾಸಿಗಳ ಕರೆಹೆಸರುಗಳು ಸಾಮಾನ್ಯವಾಗಿ ‘ವಿಯು’ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತವೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದು ಅಂಡಮಾನ್ ದ್ವೀಪಗಳ ತಂತಿ ದೂರವಾಣಿಗಳೆಲ್ಲ ನಿಂತುಹೋದಾಗ, ಹವ್ಯಾಸಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಶ್ರೀಮತಿ ಭಾರತಿ ಪ್ರಸಾದರೂ ಅವರ ಸಂಗಡಿಗರೂ ತಮ್ಮ ಯಂತ್ರಗಳಿಂದಲೇ ಕ್ಷೇಮ ಸಮಾಚಾರಗಳನ್ನು ಹೊರನಾಡಿಗೆ ಮುಟ್ಟಿಸಿದರೆಂಬುದು ಪ್ರಸಿದ್ಧವಾದ ಸಂಗತಿ.

ಇದಕ್ಕೆ ಇಂಜಿನಿಯರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಿತ್ತರಣ ಕೇಂದ್ರವೊಂದನ್ನು ಸ್ಥಾಪಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಕಲಿಸುತ್ತಿದ್ದುದು ಮನಶ್ಶಾಸ್ತ್ರವನ್ನು. ಇಂದು ದೇಶವೆಲ್ಲ ಬಲ್ಲ ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ಕೇಂದ್ರದ ಹೆಸರಾಗಿತ್ತು. ನಾನಾದರೋ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು, ಓದಿದ್ದು ವಾಣಿಜ್ಯ, ಜತೆಗೆ ಮೂಡಿಗೆರೆಯ ಬಳಿ ನಾಲ್ಕು ಎಕರೆ ಕಾಫಿಯ ಉಪಚಾರ.

ರೇಡಿಯೋದ ಹುಚ್ಚು ನನಗೆ ತಂದೆಯವರಿಂದ ಬಂದದ್ದು. ನಮ್ಮ ಹಳ್ಳ ಕೊಳ್ಳಗಳ ನಾಡಿನಲ್ಲಿ ಭದ್ರಾವತಿ, ಬೆಂಗಳೂರು ಕೇಂದ್ರಗಳ ದನಿ ಒಂದೊಂದು ದಿನ ಚೆನ್ನಾಗಿ, ಒಂದೊಂದು ದಿನ ನರಳಿದಂತೆ ಕೇಳುತ್ತಿತ್ತು. ತಂದೆಯವರು ಮನೆಯ ಮಾಡಿನಿಂದ ತೋಟದ ಸಿಲ್ವರ್ ಓಕ್ ಮರಕ್ಕೆ ತಾಮ್ರದ ತಂತಿಯೊಂದನ್ನು ಎಳೆದು ಕಟ್ಟಿದ್ದರು. ಆಷಾಢದ ಗಾಳಿಗೆ ಅದು ಹರಿದು ಬಿದ್ದಾಗಲೆಲ್ಲ ಮರ ಹತ್ತುವ ಕೆಲಸ ನನ್ನದು. “ಇನ್ನೂ ಮೇಲಕ್ಕೆ ಕಟ್ಟೋ! ತಂತಿ ಎಷ್ಟು ಎತ್ತರವೋ ದನಿ ಅಷ್ಟು ಹತ್ತಿರ” ಎಂದು ಅವರು ಕೆಳಗಿನಿಂದ ಕೂಗುತ್ತಿದ್ದರು. ಈ ಮಾತನ್ನು ನಾನು ವೇದವಾಕ್ಯದಂತೆ ಮನಸ್ಸಿನಲ್ಲಿಟ್ಟುಕೊಂಡೆ. ಮುಂದೆ ನಡೆದ ಅನರ್ಥಕ್ಕೆ ಇದೇ ಬೀಜವೆಂದು ಆಗ ಯಾರಿಗೆ ಗೊತ್ತಿತ್ತು?

ವಯಸ್ಸು ನಲವತ್ತು ದಾಟಿದ ಮೇಲೆ ನಾನು ಪರೀಕ್ಷೆಗೆ ಕುಳಿತು, ಮೊದಲು ಕೆಳಗಿನ ದರ್ಜೆಯ ಲೈಸೆನ್ಸನ್ನೂ, ಆಮೇಲೆ ಮೋರ್ಸ್ ಕಲಿತು ಮೇಲಿನ ದರ್ಜೆಯದನ್ನೂ ಪಡೆದೆ. ಪರೀಕ್ಷೆಗೆ ಬೇಕಾದ ಪುಸ್ತಕಗಳು ಸಣ್ಣವು, ಪ್ರಶ್ನೋತ್ತರ ರೂಪದವು. ಅವುಗಳಿಂದ ತೇರ್ಗಡೆಯಾಗಬಹುದು; ಏರಿಯಲ್ಲಿನ ಮರ್ಮ ತಿಳಿಯುವುದಿಲ್ಲ. ಅನುಭವಿಗಳೆಲ್ಲ ಒಂದೇ ಮಾತನ್ನು ಹೇಳುತ್ತಿದ್ದರು: “ಯಂತ್ರಕ್ಕೆ ಹಾಕುವ ದುಡ್ಡನ್ನು ಆಂಟೆನಾಕ್ಕೆ ಹಾಕಿ, ಅದಕ್ಕೂ ಮೊದಲು ಓದಿಗೆ ಹಾಕಿ.” ಸರಿ, ಓದಬೇಕೆಂದು ನಿಶ್ಚಯಿಸಿದೆ. ಯಾವುದನ್ನು?

ಇಲ್ಲಿಯೇ ನಾನು ಮೊದಲನೆಯ ತಪ್ಪು ಮಾಡಿದುದು. ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗ್ರಂಥ ಯಾವುದೆಂದು ವಿಚಾರಿಸಿದೆ. ಕಾನ್‌ಸ್ಟಂಟೈನ್ ಬಲಾನಿಸ್ ಎಂಬ ಪ್ರಾಧ್ಯಾಪಕರ ‘ಆಂಟೆನಾ ಥಿಯರಿ’ ಎಂದರು. 1982ರಲ್ಲಿ ಮೊದಲು ಪ್ರಕಟವಾದ ಈ ಗ್ರಂಥ ಹಲವು ಆವೃತ್ತಿಗಳನ್ನು ಕಂಡಿದೆ. ಈಗ ಸಾವಿರ ಪುಟಗಳನ್ನು ಮೀರಿ ಬೆಳೆದಿದೆ. ಜಗತ್ತಿನ ಕಾಲೇಜುಗಳಲ್ಲೆಲ್ಲ ಅದಕ್ಕೆ ಮನ್ನಣೆಯಿದೆ. ಆ ವರ್ಷ ಮೆಣಸಿಗೆ ಒಳ್ಳೆಯ ಬೆಲೆಯಿತ್ತು. ತರಿಸಿಬಿಟ್ಟೆ. ಪೊಟ್ಟಣ ಬಿಚ್ಚಿದಾಗ ನನ್ನ ಮಡದಿ ಅದನ್ನು ಎರಡು ಕೈಗಳಲ್ಲಿ ಎತ್ತಿ ನೋಡಿ, “ಇದು ಓದುವುದಕ್ಕೋ, ಕೂರುವುದಕ್ಕೋ?” ಎಂದು ಕೇಳಿದಳು. ನಾನು ನಕ್ಕು ಸುಮ್ಮನಾದೆ.

ಮೊದಲನೆಯ ಅಧ್ಯಾಯ ಹೇಗೋ ಸಾಗಿತು. ಎರಡನೆಯದರಲ್ಲಿ ಅನುಕಲನದ ಚಿಹ್ನೆಗಳು ತಲೆಯೆತ್ತಿದವು. ಮೂರನೆಯದರಲ್ಲಿ ಅವು ಹೆಡೆ ಬಿಚ್ಚಿದವು. ಒಂದು ಪುಟಕ್ಕೆ ಒಂದು ವಾರ ಹಿಡಿಯಿತು. ಪುಟ ತಿರುವಿದಾಗ ಹಿಂದಿನ ಪುಟ ಮರೆತಿರುತ್ತಿತ್ತು. ತಪ್ಪು ಪುಸ್ತಕದ್ದಲ್ಲ, ನನ್ನ ತಲೆಯದೇ ಎಂದು ಬಗೆದು ಎರಡು ಮಳೆಗಾಲ ಅದರೊಡನೆ ಸೆಣಸಿದೆ. ಕೊನೆಗೆ ಅದನ್ನು ಬೀರುವಿನ ಮೇಲೆ ಏರಿಸಿ, ಈ ಜನ್ಮಕ್ಕೆ ಇದು ನನ್ನದಲ್ಲವೆಂದು ಕೈಮುಗಿದೆ. ಹಬ್ಬದ ಸಂಡಿಗೆಯ ಬಟ್ಟೆ ಗಾಳಿಗೆ ಹಾರದಂತೆ ಅದನ್ನು ಮೂಲೆಗೆ ಹೇರಿದ್ದುದನ್ನು ಒಮ್ಮೆ ಕಂಡೆ. ಆಕ್ಷೇಪಿಸುವ ಧೈರ್ಯ ನನಗಿರಲಿಲ್ಲ.

ಎರಡನೆಯ ಗ್ರಂಥ ಇದಕ್ಕೆ ನೇರ ವಿರುದ್ಧವಾದುದು. ಅಮೆರಿಕದ ಹವ್ಯಾಸಿಗಳ ಸಂಘವು 1939ರಿಂದ ಆವೃತ್ತಿಯ ಮೇಲೆ ಆವೃತ್ತಿಯಾಗಿ ಹೊರಡಿಸುತ್ತ ಬಂದಿರುವ ‘ಆಂಟೆನಾ ಬುಕ್’. ಅದರಲ್ಲಿಯೂ ಶಾಸ್ತ್ರವಿದೆ, ಆದರೆ ಓದುಗನ ಕೈಯಲ್ಲಿ ಇಕ್ಕುಳವಿದೆ, ತಂತಿಯಿದೆ, ಕಟ್ಟುವುದಕ್ಕೆ ಮರವಿದೆ ಎಂದು ಭಾವಿಸಿ ಬರೆದ ಪುಸ್ತಕ ಅದು. ಅದನ್ನು ಓದಿ ನಾನು ಮೊದಲ ಬಾರಿಗೆ ಲೆಕ್ಕಾಚಾರದಿಂದ ಒಂದು ಡೈಪೋಲ್ ಕಟ್ಟಿದೆ. ಡೈಪೋಲ್ ಎಂದರೆ ನಡುವೆ ತುಂಡರಿಸಿ, ಅಲ್ಲಿಂದ ಕೇಬಲ್ಲನ್ನು ಇಳಿಬಿಟ್ಟ ಒಂದು ನೇರವಾದ ತಂತಿ; ಅಷ್ಟೆ. ಅದರ ಉದ್ದ ತರಂಗದ ಉದ್ದದಲ್ಲಿ ಅರ್ಧದಷ್ಟಿರಬೇಕು. 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ತಂತಿಯ ಉದ್ದ ಮೀಟರುಗಳಲ್ಲಿ ಬರುತ್ತದೆ. ನನಗೆ ಬೇಕಾಗಿದ್ದುದು 7.1 ಮೆಗಾಹರ್ಟ್ಸ್, ತಂತಿ 20 ಮೀಟರು ಚಿಲ್ಲರೆ. ಲೆಕ್ಕ ಬರೆಯುವವನಿಗೆ ಇದಕ್ಕಿಂತ ಸಂತೋಷ ಬೇರೊಂದುಂಟೆ?

ಎತ್ತರ ಎಷ್ಟಿರಬೇಕು? ದೂರ ದೇಶಗಳೊಡನೆ ಮಾತನಾಡುವವನು ಕನಿಷ್ಠ ಅರ್ಧ ತರಂಗದಷ್ಟು ಎತ್ತರಕ್ಕೆ ಕಟ್ಟುವುದು ಮೇಲೆಂದು ಪುಸ್ತಕದಲ್ಲಿತ್ತು. ಇನ್ನೂ ಮೇಲಕ್ಕೆ ಕಟ್ಟೋ ಎಂಬ ತಂದೆಯವರ ಕೂಗು ಕಿವಿಯಲ್ಲಿತ್ತು. ಮರ ಹತ್ತುವ ಆಳನ್ನು ಕರೆಸಿ ಎರಡು ಸಿಲ್ವರ್ ಓಕ್ ಮರಗಳ ನಡುವೆ 21 ಮೀಟರು ಎತ್ತರದಲ್ಲಿ ತಂತಿಯನ್ನು ಎಳೆಸಿದೆ. ಹದಿನೈದು ದಿನಗಳೊಳಗೆ ಒಂದು ರಾತ್ರಿ ಜಪಾನಿನ ಹವ್ಯಾಸಿಯೊಬ್ಬರು ನನ್ನ ಮೋರ್ಸ್ ಕರೆಗೆ ಉತ್ತರ ಕೊಟ್ಟರು. ಅವರು ಅಂಚೆಯಲ್ಲಿ ಕಳುಹಿಸಿದ ಚಿತ್ರದ ಕಾರ್ಡಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದೆ. ಬಂದ ನೆಂಟರಿಗೆಲ್ಲ ಅದನ್ನು ತೋರಿಸುವುದು ನನ್ನ ಪರಿಪಾಠವಾಯಿತು. ಕಳಸದ ಬಳಿ ತೋಟ ಮಾಡಿಕೊಂಡಿರುವ, ನನ್ನಂತೆಯೇ ಲೈಸೆನ್ಸು ಪಡೆದ ಗೆಳೆಯರೊಬ್ಬರಿದ್ದಾರೆ. ಅವರು ಮನೆಯ ಸೂರಿನಿಂದ ಅಡಕೆ ಮರಕ್ಕೆ ತಗ್ಗಾಗಿ ಕಟ್ಟಿದ್ದ ತಂತಿಯನ್ನು ಕಂಡು, “ಇದೇನು ಸ್ವಾಮಿ, ಬಟ್ಟೆ ಒಣಹಾಕುವ ಹಗ್ಗದಂತೆ! ಮೇಲಕ್ಕೆತ್ತಿ” ಎಂದು ಉಪದೇಶವನ್ನೂ ಮಾಡಿ ಬಂದೆ. ಅವರು ಸಂಕೋಚದಿಂದ, “ಕಾಫಿ ಕೊಯ್ಲು ಮುಗಿಯಲಿ” ಎಂದಿದ್ದರು.

ಹೀಗಿರಲಾಗಿ 2019ರ ಆಗಸ್ಟ್ ತಿಂಗಳು ಬಂತು. ಆ ಮಳೆಯನ್ನು ನಮ್ಮ ಕಡೆಯವರು ಮರೆಯಲಾರರು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಮಾರ್ಗ ಮುಚ್ಚಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಮನೆಗಳು ಮಣ್ಣುಪಾಲಾದವು. ಭದ್ರೆ ಉಕ್ಕಿತು. ನಮ್ಮಲ್ಲಿ ವಿದ್ಯುತ್ತು ಹೋಯಿತು. ಅದರ ಹಿಂದೆಯೇ ದೂರವಾಣಿಯೂ ನಿಂತಿತು. ನನ್ನ ತಂಗಿಯನ್ನು ಕೊಟ್ಟಿರುವುದು ಕಳಸದ ಸೀಮೆಗೆ; ನಾನು ಹೇಳಿದ ಗೆಳೆಯರ ತೋಟದಿಂದ ಕೂಗಳತೆಯ ದೂರ; ಗುಡ್ಡದ ಬುಡದ ಮನೆ. “ಹಿತ್ತಲಿನ ಧರೆ ಬಿರುಕು ಬಿಟ್ಟಿದೆಯಂತೆ” ಎಂಬುದು ದೂರವಾಣಿ ನಿಲ್ಲುವುದಕ್ಕೆ ಮುಂಚೆ ಅವಳು ಆಡಿದ ಕೊನೆಯ ಮಾತಾಗಿತ್ತು.

ನನ್ನಲ್ಲಿ ಯಂತ್ರವಿತ್ತು, ಕಾರಿನ ಬ್ಯಾಟರಿಯಿತ್ತು, 21 ಮೀಟರು ಎತ್ತರದಲ್ಲಿ ತಂತಿಯಿತ್ತು. ಗೆಳೆಯರ ಬಳಿಯೂ ಯಂತ್ರವಿತ್ತು. ಇಂಥ ವಿಪತ್ತಿಗೆಂದೇ ಅಲ್ಲವೆ ಈ ವಿದ್ಯೆ ಇರುವುದು! ಹಗಲೆಲ್ಲ ಕರೆದೆ. ಹದ್ದು ಹಾರುವ ದಾರಿಯಲ್ಲಿ ಲೆಕ್ಕ ಹಾಕಿದರೆ ಮೂಡಿಗೆರೆಗೂ ಕಳಸಕ್ಕೂ ಇರುವ ದೂರ ಸುಮಾರು 30 ಕಿಲೋಮೀಟರು. ಎಲ್ಲೆಲ್ಲಿಯದೋ ದನಿಗಳು ಬಂದವು. ಕಳಸದಿಂದ ಒಂದು ಕಟಕಟವೂ ಬರಲಿಲ್ಲ. ಕೈಯಲ್ಲಿ ಹಿಡಿದು ಮಾತನಾಡುವ 144 ಮೆಗಾಹರ್ಟ್ಸಿನ ಸಣ್ಣ ಯಂತ್ರವನ್ನೂ ಹಿಡಿದು ಗುಡ್ಡ ಹತ್ತಿದೆ. ಆ ತರಂಗಗಳು ಹೆಚ್ಚು ಕಡಿಮೆ ಬೆಳಕಿನಂತೆ ನೇರ ಹೋಗುವಂಥವು. ನಡುವೆ ಸಾಲುಸಾಲಾಗಿ ನಿಂತ ಬೆಟ್ಟಗಳನ್ನು ದಾಟಲಿಲ್ಲ. ಎರಡನೆಯ ದಿನ ಸಂಜೆ ತಾಯಿಯವರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಅವರು ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

“ಅಷ್ಟು ದೂರದ ಜಪಾನು ನಿನ್ನ ತಂತಿಗೆ ಕೇಳುತ್ತದೆ, ನಮ್ಮ ಕಳಸ ಕೇಳುವುದಿಲ್ಲವೇನಪ್ಪ?”

ಅವರು ಕುಚೋದ್ಯಕ್ಕೆ ಕೇಳಿದ್ದಲ್ಲ; ಮೂದಲಿಸಿದ್ದೂ ಅಲ್ಲ. ತಿಳಿಯದೆ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಬೀರುವಿನ ಮೇಲೆ ಸಾವಿರ ಪುಟದ ಗ್ರಂಥವಿತ್ತು, ಮೇಜಿನ ಮೇಲೆ ಮತ್ತೊಂದಿತ್ತು, ಆದರೂ ಉತ್ತರವಿರಲಿಲ್ಲ.

ನಾಲ್ಕನೆಯ ದಿನ ತೋಟದ ಜೀಪೊಂದು ಬಳಸು ದಾರಿಯಿಂದ ಬಂದು ಸುದ್ದಿ ತಂದಿತು. ಧರೆ ಜರಿದು ಕೊಟ್ಟಿಗೆ ಹೋಗಿತ್ತು. ಒಂದು ಹಸು ಸತ್ತಿತ್ತು. ಜನರೆಲ್ಲ ಹಿಂದಿನ ರಾತ್ರಿಯೇ ಗೆಳೆಯರ ಮನೆಗೆ ಹೋಗಿ ಉಳಿದುಕೊಂಡಿದ್ದರು. ದೇವರು ದೊಡ್ಡವನು. ಮಾರ್ಗ ತೆರೆದ ಮೇಲೆ ನಾನು ಅಲ್ಲಿಗೆ ಹೋದಾಗ ಗೆಳೆಯರು ಹೇಳಿದ ಮಾತು ನನ್ನನ್ನು ಬೆರಗುಗೊಳಿಸಿತು. “ನಾನೂ ಮೂರು ದಿನ ನಿಮ್ಮನ್ನು ಕರೆದೆ. ಬೆಂಗಳೂರಿನವರ ದನಿ ಹಗಲೆಲ್ಲ ಪಕ್ಕದ ಕೋಣೆಯಲ್ಲಿ ಆಡಿದಂತೆ ಕೇಳುತ್ತಿತ್ತು. ನಿಮ್ಮದು ಮಾತ್ರ ಇಲ್ಲ.” ಅವರ ತಂತಿ ಇನ್ನೂ ಅದೇ ಬಟ್ಟೆ ಒಣಹಾಕುವ ಹಗ್ಗ, ನಾನು ಹೀಯಾಳಿಸಿ ಬಂದದ್ದು.

ಆ ಮಳೆಗಾಲದ ಕೊನೆಯಲ್ಲಿ ನಾನು ಮತ್ತೆ ಪುಸ್ತಕದ ಮುಂದೆ ಕುಳಿತೆ. ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. ಹಿಂದೆ ‘ಆಂಟೆನಾ ಶಾಸ್ತ್ರವನ್ನು ಕಲಿಯಬೇಕು’ ಎಂದು ಕುಳಿತಿದ್ದೆ. ಈಗ ತಾಯಿಯವರ ಪ್ರಶ್ನೆಯನ್ನು ಹಿಡಿದು ಕುಳಿತೆ. ಚಿಕ್ಕಮಗಳೂರಿನಲ್ಲಿ ನೆಲಸಿರುವ ನಿವೃತ್ತ ಅಧ್ಯಾಪಕರೊಬ್ಬರು ನನ್ನ ಕಥೆಯನ್ನು ಕೇಳಿ, ತಮ್ಮ ಕಪಾಟಿನಿಂದ ಜಾನ್ ಕ್ರೌಸ್ ಎಂಬವರ ‘ಆಂಟೆನಾಸ್’ ಎಂಬ ಗ್ರಂಥವನ್ನು ತೆಗೆದು ಕೊಟ್ಟರು. 1950ರಲ್ಲಿ ಮೊದಲು ಹೊರಬಂದ ಪುಸ್ತಕ. ಕ್ರೌಸರು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. 1946ರಲ್ಲಿ ಸುರುಳಿಯಾಕಾರದ ಆಂಟೆನಾವನ್ನು ಕಂಡುಹಿಡಿದವರು. ಮೇಲಾಗಿ ತಾವೇ ಹವ್ಯಾಸಿ ಆಗಿದ್ದವರು. ಗಣಿತ ಅದರಲ್ಲಿಯೂ ಇದೆ. ಆದರೆ ಗಣಿತಕ್ಕೆ ಮುಂಚೆ ಚಿತ್ರವಿದೆ. ಚಿತ್ರಕ್ಕೆ ಮುಂಚೆ, ಇದು ಹೀಗೇಕೆ ಆಗಬೇಕೆಂಬ ಮಾತಿದೆ. ನೆಲದ ಮೇಲೆ ಅಡ್ಡವಾಗಿ ಕಟ್ಟಿದ ತಂತಿಯ ವಿಷಯವಾಗಿ ಅದರಲ್ಲಿರುವ ಕೆಲವು ಪುಟಗಳನ್ನು ನಾನು ಪೆನ್ಸಿಲ್ ಹಿಡಿದು ಎಂಟು ದಿನ ಓದಿದೆ. ಅದರ ಸಾರವನ್ನು ಮನೆಯವರಿಗೆ ತಿಳಿಯುವಂತೆ ಹೇಳಬಹುದು.

ತಂತಿಯಿಂದ ತರಂಗ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಹೋಗುತ್ತದೆ. ಕೆಳಕ್ಕೆ ಹೋದದ್ದು ನೆಲಕ್ಕೆ ತಾಗಿ, ಕನ್ನಡಿಯಿಂದ ಮರಳುವ ಬೆಳಕಿನಂತೆ ಮೇಲಕ್ಕೆ ಬರುತ್ತದೆ. ಬರುವಾಗ ತಲೆಕೆಳಗಾಗಿ ಬರುತ್ತದೆ. ಈಗ ಉಯ್ಯಾಲೆಯನ್ನು ನೆನೆಯಿರಿ. ಇಬ್ಬರು ಅದನ್ನು ತೂಗುತ್ತಿದ್ದಾರೆ. ಇಬ್ಬರ ನೂಕೂ ಒಂದೇ ಕಾಲಕ್ಕೆ ಒಂದೇ ಕಡೆಗೆ ಬಿದ್ದರೆ ಉಯ್ಯಾಲೆ ಏರುತ್ತದೆ; ಒಬ್ಬನು ಮುಂದಕ್ಕೆ ನೂಕುವಾಗಲೇ ಮತ್ತೊಬ್ಬನು ಹಿಂದಕ್ಕೆ ನೂಕಿದರೆ ನಿಂತುಬಿಡುತ್ತದೆ. ತಂತಿ ಅರ್ಧ ತರಂಗದಷ್ಟು ಎತ್ತರದಲ್ಲಿದ್ದರೆ, ನೆಲಕ್ಕೆ ಹೋಗಿ ಮರಳುವಷ್ಟರಲ್ಲಿ ತರಂಗ ಒಂದು ಪೂರ್ಣ ಸುತ್ತು ಮುಗಿಸಿರುತ್ತದೆ. ಕಾಲ ಸರಿಯಾಗಿದೆ, ಆದರೆ ತಲೆಕೆಳಗಾಗಿದೆ. ಆದಕಾರಣ ನೆತ್ತಿಯ ಕಡೆಗೆ ಹೋಗುವ ಎರಡು ತರಂಗಗಳೂ ಒಂದನ್ನೊಂದು ಅಳಿಸಿಬಿಡುತ್ತವೆ. ಶಕ್ತಿಯೆಲ್ಲ ಓರೆಯಾಗಿ, ದಿಗಂತದ ಕಡೆಗೆ ಹರಿಯುತ್ತದೆ, ಜಪಾನಿಗೆ ಹೋಗುತ್ತದೆ. ತಂತಿ ಕಾಲು ತರಂಗದಷ್ಟು ಎತ್ತರದಲ್ಲಿದ್ದರೋ, ಹೋಗಿ ಬರುವಷ್ಟರಲ್ಲಿ ಅರ್ಧ ಸುತ್ತು ತಪ್ಪುತ್ತದೆ. ತಲೆಕೆಳಗಾದುದರಿಂದ ಇನ್ನರ್ಧ ಸುತ್ತು ತಪ್ಪುತ್ತದೆ. ಎರಡು ತಪ್ಪೂ ಸೇರಿ ಸರಿಯಾಗುತ್ತದೆ. ಆಗ ತರಂಗ ನೆಟ್ಟಗೆ ನೆತ್ತಿಯ ಮೇಲಕ್ಕೆ ಏರುತ್ತದೆ.

ನೆತ್ತಿಯ ಮೇಲಕ್ಕೆ ಹೋಗಿ ಮಾಡುವುದೇನು? ಅಲ್ಲಿ ಅಯಾನುಗೋಳವಿದೆ. ನೆಲದಿಂದ ಇನ್ನೂರು ಮುನ್ನೂರು ಕಿಲೋಮೀಟರು ಮೇಲೆ, ಸೂರ್ಯನ ಕಿರಣಗಳಿಂದ ವಿದ್ಯುದಾವೇಶಗೊಂಡ ತೆಳುವಾದ ವಾಯುವಿನ ಪದರ. ನಮ್ಮ ದಕ್ಷಿಣದ ನಾಡುಗಳಲ್ಲಿ ಹಗಲಿನಲ್ಲಿ ಸಾಮಾನ್ಯವಾಗಿ 7 ಮೆಗಾಹರ್ಟ್ಸಿನ ತರಂಗವನ್ನು ಅದು ನೆಟ್ಟಗೆ ಕೆಳಕ್ಕೆ ಮರಳಿಸುತ್ತದೆ. ಮಾಡಿಗೆ ಚಿಮ್ಮಿದ ಕಾರಂಜಿಯ ನೀರು ಅಂಗಳದ ತುಂಬ ಚೆಲ್ಲುವಂತೆ, ಸುತ್ತಣ ಮುನ್ನೂರು ನಾನೂರು ಕಿಲೋಮೀಟರುಗಳ ಮೇಲೆ ಸುರಿಸುತ್ತದೆ. ನಡುವೆ ಎಷ್ಟು ಬೆಟ್ಟಗಳಿದ್ದರೇನು? ಮೇಲಿನಿಂದ ಬೀಳುವ ಮಳೆಗೆ ಬೆಟ್ಟ ಅಡ್ಡಿಯೆ? ಬೆಟ್ಟದ ಮಡಿಲಲ್ಲಿರುವ ಕಳಸಕ್ಕೆ ಮೂಡಿಗೆರೆಯಿಂದ ದಾರಿ ಆಕಾಶದ ಮೂಲಕವೇ. ನಾನು ಆ ದಾರಿಯನ್ನು ನನ್ನ ಕೈಯಾರ, ಪುಸ್ತಕ ನೋಡಿ, 21 ಮೀಟರು ಎತ್ತರಕ್ಕೆ ಕಟ್ಟಿ ಮುಚ್ಚಿದ್ದೆ!

ಅಮೆರಿಕದ ಆ ಎರಡನೆಯ ಪುಸ್ತಕ ತಪ್ಪು ಹೇಳಿತ್ತೆ? ಇಲ್ಲ. ‘ದೂರ ದೇಶಗಳೊಡನೆ ಮಾತನಾಡುವವನು’ ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ತಗ್ಗಿನ ತಂತಿ ಹತ್ತಿರದವರಿಗೆ ಅನುಕೂಲವೆಂಬುದೂ ಅದರಲ್ಲಿಯೇ ಇತ್ತು. ಆಮೇಲೆ ಹುಡುಕಿ ನೋಡಿದೆ. ನನಗೆ ಬೇಕಾದ ಸಾಲನ್ನು ಓದಿ, ಉಳಿದುದನ್ನು ಬಿಟ್ಟಿದ್ದವನು ನಾನು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಬೀರುವಿನ ಮೇಲಿನಿಂದ ಬಲಾನಿಸರ ಗ್ರಂಥವನ್ನು ಇಳಿಸಿ ಧೂಳು ಕೊಡವಿ ನಾಲ್ಕನೆಯ ಅಧ್ಯಾಯವನ್ನು ತೆರೆದಾಗ, ಇದೇ ವಿಷಯ, ಇದೇ ಕನ್ನಡಿ, ಇದೇ ಎತ್ತರದ ಲೆಕ್ಕ ಅಲ್ಲಿ ಇನ್ನೂ ಖಚಿತವಾಗಿ ಇತ್ತು. ಚಿತ್ರ ಮನಸ್ಸಿನಲ್ಲಿ ಮೂಡಿದ್ದುದರಿಂದ ಈಗ ಅನುಕಲನದ ಹೆಡೆ ಅಷ್ಟು ಭಯ ಹುಟ್ಟಿಸಲಿಲ್ಲ. ಉತ್ತರ ಮೊದಲಿನಿಂದಲೂ ಮನೆಯಲ್ಲಿಯೇ ಇತ್ತು. ಅದರ ಮೇಲೆ ಸಂಡಿಗೆಯ ಬಟ್ಟೆ ಹರಡಿತ್ತು!

ತಂತಿಯನ್ನು ಇಳಿಸಿ 8 ಮೀಟರಿಗೆ ಕಟ್ಟಿದೆ. ಮೆಣಸು ಕೊಯ್ಯುವ ಬಿದಿರೇಣಿ ಸಾಕಾಯಿತು. (ಅಲ್ಯೂಮಿನಿಯಂ ಏಣಿಯನ್ನು ಈ ಕೆಲಸಕ್ಕೆ ಎತ್ತಬೇಡಿ, ಅದು ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿಗಳನ್ನು ನಮ್ಮ ತೋಟಗಳ ಕಡೆ ಎಲ್ಲರೂ ಕೇಳಿದ್ದಾರೆ. ಸಿಡಿಲಿನ ಕಾಲದಲ್ಲಿ ಕೇಬಲ್ಲನ್ನು ಯಂತ್ರದಿಂದ ಬಿಡಿಸಿ ಹೊರಗಿಡುವುದನ್ನೂ ಮರೆಯಬಾರದು.) ಮರುದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಕಳಸದ ಗೆಳೆಯರ ದನಿ ಗಟ್ಟಿಯಾಗಿ ಬಂತು.

ಇಷ್ಟು ಕಥೆಯನ್ನು ಹೇಳಿ, ನೆರೆಮನೆಯ ಹುಡುಗನಿಗೆ ನಾನು ಕೊಟ್ಟ ಬುದ್ಧಿಮಾತುಗಳು ಇವು.

ಮೊದಲನೆಯದು: ಪುಸ್ತಕದ ಹೆಸರನ್ನು ಕೇಳುವುದಕ್ಕೆ ಮುಂಚೆ ನಿನ್ನ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆ. ಯಾರೊಡನೆ, ಎಷ್ಟು ದೂರಕ್ಕೆ, ಎಂಥ ನೆಲದಿಂದ ಮಾತನಾಡಬೇಕೆಂದಿದ್ದೀ? ಪುಸ್ತಕವೂ ಯಾರೋ ಒಬ್ಬ ಓದುಗನನ್ನು ಎದುರಿಗಿಟ್ಟುಕೊಂಡು ಬರೆದದ್ದು. ಆ ಓದುಗನು ನೀನು ಹೌದೋ ಅಲ್ಲವೋ ನೋಡಿಕೊ. ಮುನ್ನುಡಿಯಲ್ಲಿ ಅದು ಸಾಮಾನ್ಯವಾಗಿ ಬರೆದಿರುತ್ತದೆ. ನಾವು ಮುನ್ನುಡಿಯನ್ನು ಓದುವುದಿಲ್ಲ.

ಎರಡನೆಯದು: ಕೊಳ್ಳುವುದಕ್ಕೆ ಮುಂಚೆ, ಪುಸ್ತಕ ಭಂಡಾರದಲ್ಲಿಯೋ ಕಾಲೇಜಿನಲ್ಲಿಯೋ ಆ ಗ್ರಂಥವನ್ನು ತೆರೆದು ಅರ್ಧ ತರಂಗದ ಡೈಪೋಲಿನ ಪುಟಗಳನ್ನು ಹುಡುಕು. ಯಾವ ಆಂಟೆನಾ ಪುಸ್ತಕದಲ್ಲಿಯೂ ಅದು ಇದ್ದೇ ಇರುತ್ತದೆ. ಮೂರು ಪುಟಗಳನ್ನು ಪೆನ್ಸಿಲ್ ಹಿಡಿದು ಓದು. ಹತ್ತರಲ್ಲಿ ಏಳು ಸಾಲು ತಿಳಿದು ಮೂರು ಸಾಲು ತೊಡಕಾದರೆ ಅದು ನಿನಗೆ ಹೊಂದುವ ಪುಸ್ತಕ. ಹತ್ತೂ ತಿಳಿದರೆ ಅದರಿಂದ ಲಾಭವಿಲ್ಲ. ಹತ್ತೂ ತಿಳಿಯದಿದ್ದರೆ ಇನ್ನೂ ಕಾಲ ಬಂದಿಲ್ಲ. ಕಾಲ ಬಂದಿಲ್ಲವೆಂದರೆ ನೀನು ದಡ್ಡನೆಂದಲ್ಲ.

ಮೂರನೆಯದು: ಒಂದೇ ಪುಸ್ತಕ ಸಾಲದು, ಮೂರು ಬೇಕು, ಅವುಗಳಿಗೆ ಒಂದು ಕ್ರಮವೂ ಬೇಕು. ಕೈಗೆ ಒಂದು, ಕಣ್ಣಿಗೆ ಒಂದು, ಲೆಕ್ಕಕ್ಕೆ ಒಂದು. ಕಟ್ಟಿ ನೋಡುವುದಕ್ಕೆ ಹವ್ಯಾಸಿಗಳ ‘ಆಂಟೆನಾ ಬುಕ್’. ಏಕೆಂದು ಕಾಣುವುದಕ್ಕೆ ಕ್ರೌಸ್. ಖಚಿತವಾಗಿ ಅಳೆಯುವುದಕ್ಕೆ ಬಲಾನಿಸ್. ಕ್ರೌಸರ ಗ್ರಂಥಕ್ಕೆ ನಮ್ಮ ದೇಶದ ವಿದ್ಯಾರ್ಥಿಗಳಿಗೆಂದು ಪರಿಷ್ಕರಿಸಿದ ಮುದ್ರಣವೂ ಬಂದಿದೆ. ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಹುಕಾಲದಿಂದ ಓದುತ್ತ ಬಂದಿರುವ ಕೆ. ಡಿ. ಪ್ರಸಾದರ ಪುಸ್ತಕದಿಂದಲೂ ಉಪಯೋಗವುಂಟು. ಬೆಟ್ಟ, ಇಕ್ಕಟ್ಟಾದ ಹಿತ್ತಲು ಮೊದಲಾದ ತೊಡಕಿನ ಸ್ಥಳಗಳಲ್ಲಿರುವವರು ಇಂಗ್ಲೆಂಡಿನ ಹವ್ಯಾಸಿ ಲೆಸ್ ಮಾಕ್ಸನ್ 1982ರಲ್ಲಿ ‘ಎಲ್ಲ ಸ್ಥಳಗಳಿಗೂ’ ಎಂಬ ಮಾತನ್ನು ಹೆಸರಿನಲ್ಲಿಯೇ ಇಟ್ಟು ಬರೆದ ಗ್ರಂಥವನ್ನೂ ಹುಡುಕಬಹುದು.

ನಾಲ್ಕನೆಯದು: ಹೊಸ ಆವೃತ್ತಿಯೇ ಬೇಕೆಂಬ ಹಟ ಬೇಡ. ಯಂತ್ರಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ತಂತಿಯ ನಿಯಮಗಳು ಹರ್ಟ್ಸ್ ಮಹಾಶಯನು 1887ರಲ್ಲಿ ಮೊದಲ ಕಿಡಿಯನ್ನು ಕಂಡಾಗ ಇದ್ದಂತೆಯೇ ಇಂದೂ ಇವೆ. ಹಳೆಯ ಪುಸ್ತಕದ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕುವ ಹಿಂದಿನ ಆವೃತ್ತಿ ಸಾಕು. ಉಳಿದ ಹಣಕ್ಕೆ ತಾಮ್ರದ ತಂತಿಯನ್ನು ಕೊಳ್ಳು.

ಐದನೆಯದು: ಗಣಿತಕ್ಕೆ ಹೆದರಬೇಡ, ಅದನ್ನು ಹಾರಿ ದಾಟುವ ಯತ್ನವನ್ನೂ ಮಾಡಬೇಡ. ತ್ರಿಕೋನಮಿತಿ, ಸಂಕೀರ್ಣ ಸಂಖ್ಯೆ, ಅವಕಲನ ಅನುಕಲನಗಳ ಮೊದಲ ಪಾಠ ಇವು ನಿನ್ನ ಪಿ.ಯು.ಸಿ. ಪುಸ್ತಕಗಳಲ್ಲಿಯೇ ಇವೆ. ಅವುಗಳನ್ನು ಪರೀಕ್ಷೆಗೆಂದು ಓದದೆ ತಂತಿಗೆಂದು ಓದು, ರುಚಿಯೇ ಬೇರೆ. ಈಗ ಗಣಕಯಂತ್ರದಲ್ಲಿ ತಂತಿಯ ಅಳತೆ ಎತ್ತರಗಳನ್ನು ಕೊಟ್ಟರೆ ತರಂಗದ ಹಂಚಿಕೆಯನ್ನು ಬರೆದು ತೋರಿಸುವ ತಂತ್ರಾಂಶಗಳುಂಟು. ಹಿಂದೆ ಹಣ ಕೊಟ್ಟು ಕೊಳ್ಳಬೇಕಾಗಿದ್ದ ‘ಈಝಿನೆಕ್’ ಎಂಬುದನ್ನು ಅದರ ಕರ್ತೃವು 2022ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಅದನ್ನು ಉಪಯೋಗಿಸು, ಆದರೆ ಮೊದಲು ಕಾಗದದ ಮೇಲೆ ನಿನ್ನ ಊಹೆಯನ್ನು ಬರೆದಿಟ್ಟು, ಆಮೇಲೆ ಗುಂಡಿಯನ್ನು ಒತ್ತು. ಇಲ್ಲವಾದರೆ ಅದು ಉತ್ತರ ಹೇಳುತ್ತದೆ, ವಿದ್ಯೆ ಕಲಿಸುವುದಿಲ್ಲ.

ಕೊನೆಯದು: ಓದಿದುದನ್ನು ಕನ್ನಡದಲ್ಲಿ ಬರೆದಿಡು. ಮನೆಯಲ್ಲಿ ಒಬ್ಬರಿಗಾದರೂ, ಅಜ್ಜಿಗಾದರೂ ಸರಿಯೆ, ತಿಳಿಯುವಂತೆ ಹೇಳು. ಉಯ್ಯಾಲೆಯ ಹೋಲಿಕೆ ಯಾವ ಪುಸ್ತಕದ್ದೂ ಅಲ್ಲ; ತಾಯಿಯವರಿಗೆ ಉತ್ತರ ಹೇಳಲು ಹೋಗಿ ನನಗೆ ಹೊಳೆದದ್ದು. ಹೇಳಲು ಬಂದ ದಿನವೇ ಆ ವಿಷಯ ನನಗೆ ತಿಳಿದದ್ದು.

ಹುಡುಗನು ಎಲ್ಲವನ್ನೂ ಗಮನವಿಟ್ಟು ಕೇಳಿ ಚೀಟಿಯಲ್ಲಿ ಬರೆದುಕೊಂಡನು. “ಹಾಗಾದರೆ ನೀನು ಯಾರೊಡನೆ ಮಾತನಾಡಬೇಕೆಂದಿದ್ದೀ?” ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಮೊದಲು ನಮ್ಮ ಜಿಲ್ಲೆಯವರೊಡನೆ, ಮಾವ. ಆಮೇಲೆ ದಕ್ಷಿಣ ಧ್ರುವದವರೊಡನೆ” ಎಂದನು. ಪ್ರಶ್ನೆ ಸರಿಯಾಗಿತ್ತು. ‘ಆಂಟೆನಾ ಬುಕ್’ ಅನ್ನು ಎರವಲಾಗಿ ಕೊಟ್ಟು, ತಗ್ಗಿನ ತಂತಿಯ ವಿಷಯವಿರುವ ಪುಟದಲ್ಲಿ ಒಂದು ಕಾಫಿ ಎಲೆಯನ್ನು ಗುರುತಿಗಿಟ್ಟು ಕಳುಹಿಸಿದೆ.

ಮಳೆಗಾಲದಲ್ಲಿ ಈಗಲೂ ಬೆಳಗ್ಗೆ ಹನ್ನೊಂದಕ್ಕೆ ನಾನೂ ಕಳಸದ ಗೆಳೆಯರೂ ತಂತಿಗಳನ್ನು ಪರೀಕ್ಷಿಸಿಕೊಳ್ಳುತ್ತೇವೆ. ಮಾತು ಹೆಚ್ಚಿಲ್ಲ, ದನಿ ಹೇಗೆ ಬರುತ್ತಿದೆ, ಮಳೆ ಎಷ್ಟಾಯಿತು, ಅಷ್ಟೆ. ತಾಯಿಯವರು ಅಡಿಗೆಮನೆಯ ಕೆಲಸವನ್ನು ಬಿಟ್ಟು ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಗೆಳೆಯರ ಮಾತಿನ ನಡುವೆ ಅವರ ಮನೆಯ ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದು ಕೇಳಿಸುತ್ತದೆ. ಅದನ್ನು ಅವರು ಕಿವಿಗೊಟ್ಟು ಕೇಳುತ್ತಾರೆ.

“ಅಲ್ಲಿಯೂ ಜೋರೇ ಇದೆ” ಎಂದು ಹೇಳಿ, ಎದ್ದು, ತಮ್ಮ ಕೆಲಸಕ್ಕೆ ಹೋಗುತ್ತಾರೆ.